ಬಾಲ್ಟಿಮೋರಿನ ಬಿಳಿ ಮೆಟ್ಟಿಲು

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿ ಪಕ್ಕಕ್ಕೆ ಎತ್ತಿಟ್ಟುಕೊಂಡೆ. ಬರೆದವರು ಒಂದು ತಾಲ್ಲೂಕು ಊರಿನ ಗೃಹಿಣಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗಳಿಗೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಓದಲು ಸೀಟು ಸಿಕ್ಕಿದೆಯಂತೆ. ಹೋಳಿಗೆ ಮಾಡಿ ನೆಂಟರಿಷ್ಟರಿಗೆಲ್ಲ ಹಂಚಿದ್ದೂ ಆಯಿತು. ಆಮೇಲೆ ಪಕ್ಕದ ಮನೆಯ ಹುಡುಗ ಬಂದು, "ಆಂಟೀ, ಆ ಊರಿನ ಮೇಲೇ ಒಂದು ಪೊಲೀಸ್ ಸೀರಿಯಲ್ ಇದೆ, 'ದಿ ವೈರ್' ಅಂತ, ನೋಡಿ" ಎಂದು ಮೊಬೈಲಿನಲ್ಲಿ ಹಾಕಿಕೊಟ್ಟನಂತೆ. ಮೂರು ಕಂತು ನೋಡಿದಂದಿನಿಂದ ಇವರಿಗೆ ನಿದ್ದೆಯಿಲ್ಲ. "ಬೀದಿಯಲ್ಲಿ ಹೆಣ, ಮೂಲೆಯಲ್ಲಿ ಮಾದಕ ಪದಾರ್ಥ ಮಾರುವ ಹುಡುಗರು. ಇಂಥ ಊರಿಗೆ ಹೆಣ್ಣುಮಗುವನ್ನು ಹೇಗೆ ಕಳಿಸಲಿ? ನೀವೇ ಹೇಳಿ" ಎಂದು ಕೇಳಿದ್ದಾರೆ.

ತಾಯಿಯಾದವಳ ಭಯವನ್ನು ಹಗುರವಾಗಿ ನೋಡಬಾರದು. ಆದರೆ ಈ ಸೋದರಿ ಮೂರು ಕಂತಿಗೇ ನಿಲ್ಲಿಸಿದ್ದು ತೊಂದರೆಯಾಯಿತು ನೋಡಿ. ಅಕ್ಕಿ ಇನ್ನೂ ಅರಳುವ ಮೊದಲೇ ಮುಚ್ಚಳ ತೆಗೆದು ಅನ್ನ ಗಟ್ಟಿ ಎಂದ ಹಾಗೆ. ಅದಕ್ಕೇ ಈ ಸಲ ಆ ಸೀರಿಯಲ್ಲಿನ ಬಗ್ಗೆಯೇ ಮಾತಾಡೋಣ ಅಂತ. ಉಪ್ಪಿನಕಾಯಿ ಹಾಕುವುದು ಹೇಗೆ, ಮಗುವಿನ ಕೆಮ್ಮಿಗೆ ಏನು ಕಷಾಯ ಎಂದು ಬರೆಯುವವಳಿಗೆ ಕೊಲೆ, ಪೊಲೀಸು ಯಾಕೆ ಬೇಕಿತ್ತು ಎಂದು ಮೂಗು ಮುರಿಯಬೇಡಿ. ಆ ಕಥೆಯೊಳಗೂ ಅಡುಗೆಮನೆ ಇದೆ. ಬರಿದಾದ ಅಡುಗೆಮನೆ.

ಬಾಲ್ಟಿಮೋರ್ ಎಂಬ ಹೆಸರು ನಿಮಗೆ ತೀರ ಹೊಸದೇನಲ್ಲ. 2024ರ ಮಾರ್ಚ್ 26ರ ನಸುಕಿನಲ್ಲಿ 'ಡಾಲಿ' ಎಂಬ ಸರಕು ಹಡಗು ಬಡಿದು ದೊಡ್ಡದೊಂದು ಸೇತುವೆ ಬೆಂಕಿಕಡ್ಡಿಯ ಆಟಿಕೆಯಂತೆ ಕುಸಿದದ್ದನ್ನು ಟೀವಿಯಲ್ಲಿ ಮತ್ತೆ ಮತ್ತೆ ತೋರಿಸಿದರಲ್ಲ, ಅದೇ ಊರು. ಆ ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ನಮ್ಮ ದೇಶದವರು. ವಾರಗಟ್ಟಲೆ ಅವರು ಹಡಗಿನಲ್ಲೇ ಉಳಿಯಬೇಕಾಯಿತು. ಸೇತುವೆಯ ಮೇಲೆ ರಾತ್ರಿಪಾಳಿಯಲ್ಲಿ ರಸ್ತೆಯ ಗುಂಡಿ ಮುಚ್ಚುತ್ತಿದ್ದ 6 ಮಂದಿ ಕೆಲಸಗಾರರು, ಎಲ್ಲರೂ ಹೊಟ್ಟೆಪಾಡಿಗೆ ಬೇರೆ ದೇಶದಿಂದ ಬಂದವರು, ನೀರುಪಾಲಾದರು.

ರಾಜಧಾನಿ ವಾಷಿಂಗ್ಟನ್ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಬಂದರಿನ ಊರು, ಉಕ್ಕಿನ ಊರು, ಏಡಿ ತಿನ್ನುವವರ ಊರು. ನಮ್ಮ ಕಡೆ ಊರು ಎಂದರೆ ಬೆಳೆಯುವಂಥದು. ನಿನ್ನೆ ಗದ್ದೆಯಿದ್ದಲ್ಲಿ ಇವತ್ತು ಬಡಾವಣೆ. ಆದರೆ ಬಾಲ್ಟಿಮೋರ್ ಕುಗ್ಗಿದ ಊರು. 1950ರಲ್ಲಿ ಅಲ್ಲಿದ್ದವರು ಹೆಚ್ಚುಕಡಿಮೆ ಒಂಬತ್ತೂವರೆ ಲಕ್ಷ. 2000ದಲ್ಲಿ ಆರೂವರೆ ಲಕ್ಷ. 2020ರ ಜನಗಣತಿಗೆ 5,85,708. ಉಳಿದವರು ಎಲ್ಲಿ ಹೋದರು? ಊರಿನ ಹತ್ತಿರ ಸ್ಪ್ಯಾರೋಸ್ ಪಾಯಿಂಟ್ ಎಂಬಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಕಾರ್ಖಾನೆಯಿತ್ತು. 1950ರ ದಶಕದ ಕೊನೆಗೆ ಸುಮಾರು ಮೂವತ್ತು ಸಾವಿರ ಜನಕ್ಕೆ ಅನ್ನ ಕೊಡುತ್ತಿದ್ದ ಕಾರ್ಖಾನೆ ಅದು. ಸೊರಗುತ್ತ ಸೊರಗುತ್ತ 2012ರಲ್ಲಿ ಪೂರ್ತಿ ಬಾಗಿಲು ಹಾಕಿತು. ಕೆಲಸ ಹೋಯಿತು, ಕೈಲಾದವರು ಊರ ಹೊರಗಿನ ಹೊಸ ಬಡಾವಣೆಗಳಿಗೆ ಹೋದರು, ಹಿಂದೆ ಸಾವಿರಾರು ಖಾಲಿ ಮನೆ ಉಳಿದವು.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. 1910ರಲ್ಲಿ ಆ ನಗರ ಒಂದು ಕಾನೂನು ಮಾಡಿತು. ಬಿಳಿಯರು ಹೆಚ್ಚಾಗಿರುವ ಬೀದಿಗೆ ಕಪ್ಪು ಜನ, ಕಪ್ಪು ಜನ ಹೆಚ್ಚಾಗಿರುವ ಬೀದಿಗೆ ಬಿಳಿಯರು ಹೊಸದಾಗಿ ಬಿಡಾರ ಮಾಡಕೂಡದು ಎಂದು. ಕೇರಿ ಕೇರಿ ಬೇರೆ ಮಾಡುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆವಲ್ಲ! 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥ ಕಾನೂನುಗಳು ನಡೆಯವು ಎಂದಿತು. ಕಾನೂನು ಹೋದರೂ ಗೆರೆ ಹೋಗಲಿಲ್ಲ. 1930ರ ದಶಕದಲ್ಲಿ ಊರಿನ ನಕ್ಷೆ ಬರೆದು ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪು ಬಿದ್ದ ಕಡೆ ಮನೆ ಕೊಳ್ಳಲು, ರಿಪೇರಿಗೆ ಸಾಲ ಹುಟ್ಟುವುದು ಕಷ್ಟ. ಸೀರಿಯಲ್ಲಿನಲ್ಲಿ ಕಾಣುವ ಹಲಗೆ ಹೊಡೆದ ಮನೆಗಳ ಹಿಂದೆ ಇಷ್ಟೆಲ್ಲ ಉಂಟು.

ಸರಿ, ಇನ್ನು ಸೀರಿಯಲ್ಲಿಗೆ ಬರೋಣ. ಎಚ್‌ಬಿಒ ಎಂಬ ವಾಹಿನಿಯಲ್ಲಿ 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಬಂದದ್ದು. ಐದು ಭಾಗ, ಒಟ್ಟು 60 ಕಂತು. ಕಟ್ಟಿದವರು ಮುಖ್ಯವಾಗಿ ಇಬ್ಬರು. ಡೇವಿಡ್ ಸೈಮನ್ ಎಂಬಾತ 'ಬಾಲ್ಟಿಮೋರ್ ಸನ್' ಪತ್ರಿಕೆಯಲ್ಲಿ ಹತ್ತಾರು ವರ್ಷ ಅಪರಾಧ ಸುದ್ದಿ ಬರೆದವರು. 1988ರಲ್ಲಿ ಇಡೀ ಒಂದು ವರ್ಷ ಕೊಲೆ ತನಿಖೆ ಮಾಡುವ ಪೊಲೀಸರ ಬೆನ್ನ ಹಿಂದೆಯೇ ಸುತ್ತಿ ಒಂದು ಪುಸ್ತಕ ಬರೆದರು. ಇನ್ನೊಬ್ಬರು ಎಡ್ ಬರ್ನ್ಸ್. ಇವರು ಅದೇ ಊರಿನಲ್ಲಿ ಪೊಲೀಸ್ ಪತ್ತೇದಾರರಾಗಿದ್ದು, ನಿವೃತ್ತರಾದ ಮೇಲೆ ಅದೇ ಊರಿನ ಸರಕಾರಿ ಶಾಲೆಯಲ್ಲಿ ಮೇಷ್ಟ್ರಾದವರು. ಪೊಲೀಸ್ ಆಗಿ ಹಿಡಿದದ್ದು ಯಾರನ್ನೋ ಅವರ ಮನೆಯ ಮಕ್ಕಳಿಗೇ ಪಾಠ ಹೇಳಬೇಕಾಗಿ ಬಂದರೆ ಮನುಷ್ಯನ ಕಣ್ಣು ಬೇರೆಯಾಗುತ್ತದೆ. ಆ ಕಣ್ಣು ಈ ಕಥೆಯಲ್ಲಿದೆ.

ಮೊದಲೇ ಒಂದು ಎಚ್ಚರಿಕೆ. ಇದು ಮಕ್ಕಳನ್ನು, ಅತ್ತೆಮಾವನನ್ನು ಕೂರಿಸಿಕೊಂಡು ನೋಡುವಂಥದಲ್ಲ. ಬಾಯಿ ತೆರೆದರೆ ಬೈಗುಳ. ರಕ್ತ ಇದೆ, ನೋಡಲು ಮುಜುಗರವಾಗುವಂಥದೂ ಇದೆ. ಒಗ್ಗರಣೆ ಹಾಕುತ್ತ ಅರ್ಧ ಕಣ್ಣಿನಲ್ಲಿ ನೋಡಿದರೆ ಒಂದೂ ತಿಳಿಯುವುದಿಲ್ಲ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯಲೇ ಐದಾರು ಕಂತು ಬೇಕು, ಮದುವೆ ಮನೆಗೆ ಗಂಡಿನ ಕಡೆಯವರು ಬಂದ ಹಾಗೆ.

ವೈರ್ ಎಂದರೆ ತಂತಿ. ಪೊಲೀಸರು ಕಳ್ಳತನದಲ್ಲಿ ಫೋನ್ ಮಾತು ಕೇಳಿಸಿಕೊಳ್ಳುವ ತಂತಿ. ಸಾಮಾನ್ಯವಾಗಿ ಪೊಲೀಸ್ ಕಥೆಯಲ್ಲಿ ಏನಿರುತ್ತದೆ ಹೇಳಿ? ಮೊದಲ ಐದು ನಿಮಿಷದಲ್ಲಿ ಕೊಲೆ, ನಡುವೆ ಓಟ, ಕೊನೆಗೆ ಕೈಕೋಳ. ನಾವು ನೆಮ್ಮದಿಯಿಂದ ದೀಪ ಆರಿಸಿ ಮಲಗುತ್ತೇವೆ. ಇಲ್ಲಿ ಹಾಗಲ್ಲ. ಪೊಲೀಸರು ತಿಂಗಳುಗಟ್ಟಲೆ ಕೂತು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಂಡಷ್ಟೂ ಒಂದು ಊರೇ ಬಿಚ್ಚಿಕೊಳ್ಳುತ್ತದೆ. ಮೊದಲ ಭಾಗ ಮಾದಕ ಪದಾರ್ಥ ಮಾರುವವರದು. ಎರಡನೆಯದು ಬಂದರಿನ ಕೂಲಿಗಳದು. ಮೂರನೆಯದು ರಾಜಕೀಯದವರದು, ನಾಲ್ಕನೆಯದು ಶಾಲೆಯದು, ಐದನೆಯದು ಪತ್ರಿಕೆಯವರದು. ರಾಜಕೀಯದ ಭಾಗ ನಮಗೆ ಹೊಸತೆನಿಸುವುದಿಲ್ಲ, ಚುನಾವಣೆ ಎಂದರೆ ಎಲ್ಲ ಕಡೆ ಒಂದೇ ಸಂತೆ. ಐದನೆಯ ಭಾಗದ ಪತ್ರಿಕೆಯ ಕಥೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎರಡನೆಯದು, ನಾಲ್ಕನೆಯದು ಮಾತ್ರ ಮರೆಯಲಾಗದವು.

ಎರಡನೆಯ ಭಾಗದ ಆರಂಭದಲ್ಲಿ ಬಂದರಿಗೆ ಬಂದ ಒಂದು ಕಬ್ಬಿಣದ ಸರಕು ಪೆಟ್ಟಿಗೆಯೊಳಗೆ 13 ಹೆಣ್ಣುಮಕ್ಕಳ ಹೆಣ ಸಿಗುತ್ತದೆ. ದೂರದ ಯೂರೋಪಿನಿಂದ ಕದ್ದು ಸಾಗಿಸಿದವರು, ಉಸಿರುಕಟ್ಟಿ ಸತ್ತವರು. ಪೆಟ್ಟಿಗೆ ತೆರೆಯುವವಳು ಬಂದರಿನ ಒಬ್ಬ ಮಹಿಳಾ ಪೊಲೀಸ್, ಎರಡು ಮಕ್ಕಳ ತಾಯಿ. ಅವಳ ಮುಖ ನೋಡಬೇಕು ನೀವು! ಆಮೇಲೆ ಆಫೀಸರುಗಳಲ್ಲಿ ಜಗಳ ಶುರು. ಕೊಂದವರು ಯಾರು ಎಂದಲ್ಲ, ಈ 13 ಹೆಣ ಯಾರ ಖಾತೆಗೆ ಎಂದು! ನಮ್ಮ ಲೆಕ್ಕಕ್ಕೆ ಬಂದರೆ ವರ್ಷದ ಕೊನೆಗೆ ನಮ್ಮ ಅಂಕಿ ಕೆಡುತ್ತದೆ, ನಿಮ್ಮದಕ್ಕೆ ಹಾಕಿಕೊಳ್ಳಿ ಎಂದು ತಳ್ಳಾಟ. ಮಕ್ನಲ್ಟಿ ಎಂಬ ಪೊಲೀಸ್ ಒಬ್ಬ ಅವರಲ್ಲಿ ಒಂದು ಹುಡುಗಿಯ ಹೆಸರಾದರೂ ಗೊತ್ತಾಗಲಿ ಎಂದು ಅಲೆಯುತ್ತಾನೆ. ಗೊತ್ತಾಗುವುದಿಲ್ಲ. ಅವರ ತಾಯಂದಿರು ಎಲ್ಲೋ ಇದ್ದಾರಲ್ಲ, ಕಾಗದ ಬರುತ್ತದೆ ಎಂದು ಕಾಯುತ್ತ. ಸೀರಿಯಲ್ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮಗೆ ಹೇಳಬೇಕಾಗಿಯೂ ಇಲ್ಲ.

ಈ ಅಂಕಿಯ ಆಟ ಇಡೀ ಕಥೆಯ ಬೆನ್ನುಹುರಿ. ಮೇಲಿನವರಿಗೆ ಅಪರಾಧ ಇಳಿದಂತೆ ಕಾಣಬೇಕು. ದರೋಡೆಯನ್ನು ಸಣ್ಣ ಕಳ್ಳತನ ಎಂದು ಬರೆದರೆ ಇಳಿಯಿತು! ನಾಲ್ಕನೆಯ ಭಾಗದಲ್ಲಿ ಪೊಲೀಸ್ ಕೆಲಸ ಬಿಟ್ಟು ಶಾಲೆಗೆ ಗಣಿತದ ಮೇಷ್ಟ್ರಾಗಿ ಬರುವ ಒಬ್ಬ ಇದ್ದಾನೆ, ಪ್ರಿಜ್ ಅಂತ. ಅವನು ದಾಳ ಉರುಳಿಸಿ ಲೆಕ್ಕ ಹೇಳಿಕೊಟ್ಟಾಗ ಮಕ್ಕಳ ತಲೆಗೆ ಹತ್ತುತ್ತದೆ. ಆದರೆ ಸರಕಾರಿ ಪರೀಕ್ಷೆ ಹತ್ತಿರ ಬಂತು, ದಾಳ ಎತ್ತಿಡಿ, ಪರೀಕ್ಷೆಯ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿಸಿ ಎಂದು ಮೇಲಿನಿಂದ ಅಪ್ಪಣೆ. ಪೊಲೀಸ್ ಠಾಣೆಯಲ್ಲಿ ಕಂಡ ಆಟವೇ ಇಲ್ಲೂ ನಡೆದಿದೆ ಎಂದು ಅವನಿಗೆ ಅರಿವಾಗುತ್ತದೆ. ಶಾಲೆಯ ಉಗ್ರಾಣದಲ್ಲಿ ಹೊಸ ಪುಸ್ತಕಗಳು ಪೆಟ್ಟಿಗೆಯಲ್ಲೇ ಕೂತಿರುತ್ತವೆ, ತರಗತಿಯಲ್ಲಿ ಮಕ್ಕಳ ಕೈಯಲ್ಲಿ ಹರಿದ ಪುಸ್ತಕ.

ನಮ್ಮ ಸೋದರಿ ಮೂರು ಕಂತಿಗೆ ನಿಲ್ಲಿಸಿದರು ಎಂದೆನಲ್ಲ, ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ವಾಲೇಸ್ ಎಂಬ ಹುಡುಗನ ಮನೆ ಕಾಣುತ್ತಿತ್ತು. ಹದಿನಾರು ವರ್ಷದವನು. ಹಗಲು ಮಾದಕ ಪುಡಿ ಮಾರುವ ತಂಡದಲ್ಲಿ ಕೆಲಸ. ರಾತ್ರಿ ಹಲಗೆ ಹೊಡೆದ ಪಾಳು ಮನೆಯಲ್ಲಿ ಮಲಗುತ್ತಾನೆ, ಹೊರಗಿನಿಂದ ಕದ್ದೆಳೆದ ಒಂದು ತಂತಿಯ ಕರೆಂಟಿನಲ್ಲಿ. ಅವನ ಜೊತೆ ಅಪ್ಪ ಅಮ್ಮ ಇಲ್ಲದ ಐದಾರು ಪುಟ್ಟ ಮಕ್ಕಳು. ಬೆಳಗಾದರೆ ಅವರನ್ನು ಎಬ್ಬಿಸಿ, ಒಬ್ಬೊಬ್ಬರಿಗೆ ಒಂದು ಚಿಪ್ಸ್ ಪೊಟ್ಟಣ, ಒಂದು ಹಣ್ಣಿನ ರಸದ ಡಬ್ಬಿ ಕೊಟ್ಟು ಶಾಲೆಗೆ ಅಟ್ಟುತ್ತಾನೆ. ಅದೇ ತಿಂಡಿ. ಅದೇ ಊಟದ ಡಬ್ಬಿ. ಒಂದು ಮಗು ಬಸ್ಸಿನ ಲೆಕ್ಕ ಬರದೆ ಒದ್ದಾಡುತ್ತದೆ, ಇಷ್ಟು ಜನ ಹತ್ತಿದರು, ಇಷ್ಟು ಜನ ಇಳಿದರು ಎನ್ನುವ ಲೆಕ್ಕ. ಅದನ್ನೇ ಅವನು ಪುಡಿಯ ಶೀಸೆಗಳ ಲೆಕ್ಕವಾಗಿ ಕೇಳಿದಾಗ ಥಟ್ಟನೆ ಹೇಳಿಬಿಡುತ್ತದೆ. ಅದು ಹೇಗೆ ಬಂತು ಎಂದರೆ, ಆ ಲೆಕ್ಕ ತಪ್ಪಿದರೆ ಹೊಡೆಯುತ್ತಾರಲ್ಲ! ವಾಲೇಸನಿಗೆ ಮನಸ್ಸು ಮೆತ್ತಗೆ. ಒಂದು ಕೊಲೆಗೆ ತಾನು ಕಾರಣನಾದೆ ಎಂದು ಕೊರಗಿ ಕೆಲಸ ಬಿಡಲು ನೋಡುತ್ತಾನೆ. ಮೇಲಿನವರ ಮಾತಿಗೆ ಕಟ್ಟುಬಿದ್ದು ಅವನ ಇಬ್ಬರು ಗೆಳೆಯರೇ ಅವನನ್ನು ಕೊಲ್ಲುತ್ತಾರೆ. ಕೊಲ್ಲುವವರೂ ಅಳುತ್ತಾರೆ. ಆ ಮಕ್ಕಳಿಗೆ ಮಾರನೆಯ ಬೆಳಿಗ್ಗೆ ಚಿಪ್ಸ್ ಪೊಟ್ಟಣ ಯಾರು ಕೊಟ್ಟರು? ನನಗೆ ಕೊಲೆಗಿಂತ ಅದೇ ಕಾಡಿತು.

ನಾಲ್ಕನೆಯ ಭಾಗದಲ್ಲಿ ನಾಲ್ವರು ಹುಡುಗರು, ಏಳೆಂಟನೆಯ ತರಗತಿಯ ವಯಸ್ಸಿನವರು. ಮೈಕೆಲ್‌ಗೆ ಬಗ್ ಎಂಬ ತಮ್ಮ. ತಾಯಿ ಚಟಕ್ಕೆ ಬಿದ್ದವಳು, ಮನೆಗೆ ತಂದ ದಿನಸಿಯನ್ನೇ ಮಾರಿಬಿಡುವವಳು. ಅದಕ್ಕೆ ಸರಕಾರದ ನೆರವಿನ ಕಾರ್ಡನ್ನು ಈ ಹುಡುಗನೇ ಇಟ್ಟುಕೊಳ್ಳುತ್ತಾನೆ, ನಮ್ಮ ರೇಷನ್ ಕಾರ್ಡಿದ್ದಂತೆ ಎನ್ನಿ. ತಮ್ಮನನ್ನು ಶಾಲೆಯಿಂದ ಕರೆತಂದು, ತಿನ್ನಲು ಕೊಟ್ಟು, ಹೋಂವರ್ಕ್ ಮಾಡಿಸುತ್ತಾನೆ. ನಾವು ಮಾಡುವುದನ್ನೆಲ್ಲ ಮಾಡುವ ಹದಿಮೂರು ವರ್ಷದ ತಾಯಿ ಅವನು! ಡೂಕಿ ಎಂಬವನ ಮೈಯಿಂದ ವಾಸನೆ ಬರುತ್ತದೆಂದು ತರಗತಿಯಲ್ಲಿ ಯಾರೂ ಹತ್ತಿರ ಕೂರರು. ಮನೆಯವರು ಅವನ ಬಟ್ಟೆಯನ್ನೂ ಮಾರಿ ಚಟ ಮಾಡುವವರು. ಮೇಷ್ಟ್ರು ಪ್ರಿಜ್ ಅವನಿಗೆ ಶಾಲೆಯಲ್ಲೇ ಸ್ನಾನಕ್ಕೆ ಅನುಕೂಲ ಮಾಡಿ, ಬಟ್ಟೆ ತಾನೇ ಒಗೆಸಿ ತರುತ್ತಾನೆ, ತನ್ನ ಊಟದಲ್ಲಿ ಪಾಲು ಕೊಡುತ್ತಾನೆ. ಒಂದು ದಿನ ಡೂಕಿ ಮನೆಗೆ ಬಂದರೆ ಮನೆಯ ಸಾಮಾನೆಲ್ಲ ಬೀದಿಯಲ್ಲಿ, ಬಾಗಿಲಿಗೆ ಬೀಗ.

ರ‍್ಯಾಂಡಿಯನ್ನು ನೋಡಿಕೊಳ್ಳುವವಳು ಒಬ್ಬ ಸಾಕುತಾಯಿ. ಕಟ್ಟುನಿಟ್ಟಿನವಳು, ಮನೆ ಚೊಕ್ಕಟ, ಹೊತ್ತಿಗೆ ಸರಿಯಾಗಿ ಊಟ. ಈ ಹುಡುಗ ಪೊಲೀಸರಿಗೆ ಏನೋ ಹೇಳಿದ ಎಂಬ ಸುದ್ದಿ ಪೊಲೀಸರ ಬಾಯಿಂದಲೇ ಸೋರಿ, ಆ ಮನೆಗೆ ಬೆಂಕಿ ಬೀಳುತ್ತದೆ. ಅವಳು ಸುಟ್ಟಗಾಯಗಳೊಡನೆ ಆಸ್ಪತ್ರೆಯಲ್ಲಿ. ಕಾರ್ವರ್ ಎಂಬ ಪೊಲೀಸ್ ಹುಡುಗನನ್ನು ನಾನೇ ಸಾಕುತ್ತೇನೆ ಎಂದು ಆಫೀಸಿನಿಂದ ಆಫೀಸಿಗೆ ಅಲೆದರೆ, ಅದಕ್ಕೆ ತಿಂಗಳುಗಟ್ಟಲೆ ಆಗುತ್ತದೆ, ಅಲ್ಲಿಯವರೆಗೆ ಅನಾಥ ಹುಡುಗರ ನಿಲಯಕ್ಕೆ ಕಳಿಸಿ ಎಂಬ ಉತ್ತರ. ಅಲ್ಲಿಗೆ ಬಿಟ್ಟುಬಂದು ಕಾರಿನಲ್ಲಿ ಒಬ್ಬನೇ ಕೂತು ಸ್ಟಿಯರಿಂಗನ್ನು ಗುದ್ದುತ್ತಾನೆ. ಆ ಗುದ್ದು ನನ್ನ ಎದೆಗೇ ಬಿದ್ದ ಹಾಗಾಯಿತು ಕಣ್ರೀ.

ನಾಲ್ಕನೆಯವನು ನೇಮಂಡ್. ಇವನ ತಾಯಿ ಇದ್ದಾಳೆ, ಅಚ್ಚುಕಟ್ಟಾಗಿ ಉಡುತ್ತಾಳೆ, ಮಗನಿಗೂ ಬೆಲೆಬಾಳುವ ಉಡುಪು. ಆದರೆ ತಂದೆ ಜೈಲು ಸೇರಿದ ಮೇಲೆ ಸಂಪಾದನೆಗೆಂದು ಮಗನನ್ನೇ ಬೀದಿಗೆ ನೂಕುವವಳು ಅವಳು. ಹುಡುಗನಿಗೆ ಆ ಕೆಲಸದ ಧೈರ್ಯವಿಲ್ಲ. ಕಾಲ್ವಿನ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿ ಒಮ್ಮೆ ಬಹುಮಾನವೆಂದು ಇವನನ್ನೂ ಇನ್ನಿಬ್ಬರು ಮಕ್ಕಳನ್ನೂ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ಯುತ್ತಾನೆ. ಹೋಗುವಾಗ ಸಂಭ್ರಮವೋ ಸಂಭ್ರಮ. ಒಳಗೆ ಬಡಿಸುವವಳು ಹೇಳುವ ತಿಂಡಿಗಳ ಹೆಸರೇ ತಿಳಿಯದು. ಬೀದಿಯಲ್ಲಿ ಹುಲಿಯಂತಿದ್ದ ಮಕ್ಕಳು ಮುದುಡಿ ಕೂರುತ್ತವೆ, ವಾಪಸು ಬರುವಾಗ ಎಲ್ಲರ ಮೇಲೂ ಸಿಡಿಮಿಡಿ. ನಗರದ ದೊಡ್ಡ ಹೋಟೆಲಿನಲ್ಲಿ ಆ ಪಟ್ಟಿ ಕೈಗೆ ಬಂದಾಗ ನಮಗೂ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದೇ. ಕೊನೆಗೆ ಕಾಲ್ವಿನ್ ಜೈಲಿಗೆ ಹೋಗಿ ಹುಡುಗನ ತಂದೆಯನ್ನೇ ಕೇಳುತ್ತಾನೆ, ಇವನನ್ನು ನನ್ನ ಮನೆಗೆ ಬಿಟ್ಟುಕೊಡು ಎಂದು. ಹಲವು ಕೊಲೆ ಮಾಡಿದ ಆ ತಂದೆ ಒಪ್ಪುತ್ತಾನೆ. ನಾಲ್ವರಲ್ಲಿ ದಡ ಸೇರಿದವನು ಇವನೊಬ್ಬ. ಬುದ್ಧಿಯಿಂದಲ್ಲ, ಕಾಲ್ವಿನ್‌ನ ಹೆಂಡತಿ ಮನೆಯ ಬಾಗಿಲು ತೆಗೆದಳು, ಅದಕ್ಕೆ.

ಹೀಗೆ ನೋಡುತ್ತ ಹೋದರೆ ನಿಮಗೇ ತಿಳಿಯುತ್ತದೆ. ಕೊಂದವನು ಯಾರು ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ, ಮೊದಲೇ ಗೊತ್ತಿರುತ್ತದೆ. ಈ ಮಗುವನ್ನು ನೋಡಿಕೊಳ್ಳಬೇಕಾಗಿದ್ದವರು ಯಾರು, ಅವರು ಆ ಹೊತ್ತಿಗೆ ಎಲ್ಲಿದ್ದರು ಎಂದು ಸೀರಿಯಲ್ ಕೇಳುತ್ತದೆ. ಶಾಲೆ, ಠಾಣೆ, ಕೋರ್ಟು, ಮೇಯರ್ ಆಫೀಸು ಎಂದು ಬಾಗಿಲು ಬಾಗಿಲು ತಟ್ಟುತ್ತದೆ.

ಆದರೆ ನನಗೊಂದು ತಕರಾರಿದೆ, ಹೇಳಿಬಿಡುತ್ತೇನೆ. ಎಲ್ಲ ಬಾಗಿಲು ತಟ್ಟುವ ಸೀರಿಯಲ್ಲು ಮನೆಯ ಬಾಗಿಲು ತಟ್ಟಿದಾಗ ಮಾತ್ರ ಒಳಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಗಂಡಸರಿಗೆ ನೂರು ಬಗೆ. ಕಳ್ಳನೂ ಒಳ್ಳೆಯವನಾದಾನು, ಪೊಲೀಸೂ ಕೆಟ್ಟವನಾದಾನು. ತಾಯಂದಿರೋ, ಹೆಚ್ಚಿನವರು ಚಟದವರು ಇಲ್ಲವೆ ದುಡ್ಡಿನಾಸೆಯವರು. ಮೊದಲ ಭಾಗದಲ್ಲಿ ಒಬ್ಬ ತಾಯಿ ತನ್ನ ಅಣ್ಣತಮ್ಮಂದಿರ ವ್ಯವಹಾರ ಉಳಿಯಲೆಂದು ಮಗನನ್ನೇ ಇಪ್ಪತ್ತು ವರ್ಷದ ಜೈಲಿಗೆ ಒಪ್ಪಿಸುತ್ತಾಳೆ! ಪೊಲೀಸ್ ಕೀಮಾ ಇದ್ದಾಳೆ, ನಿಜ. ಕೊನೆಯ ಭಾಗದಲ್ಲಿ ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ಕಾಣುವವರಿಗೆಲ್ಲ, ಪೊಲೀಸರಿಗೂ ಪುಡಿ ಮಾರುವವರಿಗೂ ಸೇರಿಸಿ, ಶುಭರಾತ್ರಿ ಹೇಳಿಸುವುದು ಬಹಳ ಚೆಂದ. ಆದರೆ ಅದು ಎರಡೇ ನಿಮಿಷ.

ಬಾಲ್ಟಿಮೋರಿನ ಮನೆಗಳು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ನಮ್ಮ ಹಳೆಯ ವಠಾರದಂತೆ. ಅನೇಕ ಮನೆಗಳ ಮುಂದೆ ಬಿಳಿ ಅಮೃತಶಿಲೆಯ ಮೂರು ನಾಲ್ಕು ಮೆಟ್ಟಿಲು. ಶ್ರೀಮಂತರ ಮನೆಗೆ ಮಾತ್ರವಲ್ಲ, ಕಾರ್ಖಾನೆ ಕೂಲಿಯ ಮನೆಗೂ. ಆ ಕಲ್ಲು ಊರ ಪಕ್ಕದ ಕಾಕೀಸ್‌ವಿಲ್ ಗಣಿಯದು, ಹತ್ತಿರದಲ್ಲೇ ಸಿಗುತ್ತಿತ್ತು. ವಾರಕ್ಕೊಮ್ಮೆ ಹೆಂಗಸರು ಬಕೆಟ್ಟು ಹಿಡಿದು ಮಂಡಿಯೂರಿ, ಬಾನ್ ಅಮಿ ಎಂಬ ಪುಡಿ, ಉಜ್ಜುಗಲ್ಲು ಹಾಕಿ ಅದನ್ನು ಬೆಳ್ಳಗೆ ತಿಕ್ಕುತ್ತಿದ್ದರು. ಯಾರ ಮೆಟ್ಟಿಲು ಹೆಚ್ಚು ಬಿಳುಪು ಎಂದು ಪೈಪೋಟಿ. ಬೆಳಗ್ಗೆ ಎದ್ದು ಹೊಸ್ತಿಲು ತೊಳೆದು ರಂಗೋಲಿ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಇನ್ನೊಂದು ಚೆಂದದ ಪದ್ಧತಿ: 1913ರಲ್ಲಿ ವಿಲಿಯಂ ಒಕ್ಟಾವೆಕ್ ಎಂಬ ದಿನಸಿ ಅಂಗಡಿಯವರು ತಮ್ಮ ಅಂಗಡಿಯ ಜಾಲರಿ ಬಾಗಿಲ ಮೇಲೆ ಹಣ್ಣು ತರಕಾರಿಯ ಚಿತ್ರ ಬರೆದರು. ಹೊರಗಿನವರಿಗೆ ಚಿತ್ರ ಕಾಣುತ್ತದೆ, ಒಳಗಿನದು ಕಾಣದು. ಒಳಗಿನವರಿಗೆ ಬೀದಿಯೆಲ್ಲ ಕಾಣುತ್ತದೆ. ಸರಿ, ನೆರೆಹೊರೆಯ ಹೆಂಗಸರೆಲ್ಲ ನಮ್ಮ ಕಿಟಕಿಗೂ ಬರೆದುಕೊಡಿ ಎಂದು ಮುಗಿಬಿದ್ದರು! ಸೀರಿಯಲ್ಲಿನಲ್ಲಿ ಆ ಸಾಲುಮನೆಗಳ ಮೆಟ್ಟಿಲುಗಳು ಬೇಕಾದಷ್ಟು ಕಾಣುತ್ತವೆ, ಹುಡುಗರು ಕೂತು ಪುಡಿ ಮಾರಲು. ತಿಕ್ಕುವ ಕೈ ಕಾಣುವುದಿಲ್ಲ.

ಊರಿನವರಿಗೂ ಈ ಸಿಟ್ಟಿತ್ತು. ಆಗಿನ ಪೊಲೀಸ್ ಮುಖ್ಯಸ್ಥರು 2011ರಲ್ಲಿ, ಈ ಸೀರಿಯಲ್ ಊರಿನ ಮುಖಕ್ಕೆ ಬಳಿದ ಮಸಿ ತೊಳೆಯಲು ದಶಕಗಳೇ ಬೇಕು ಎಂಬರ್ಥದಲ್ಲಿ ಬಹಿರಂಗವಾಗಿ ಹೇಳಿದರು. ಸೈಮನ್ ಸುಮ್ಮನಿರಲಿಲ್ಲ, ಬರೆದು ಉತ್ತರ ಕೊಟ್ಟರು. ಯಾರ ಮಾತು ಸರಿ? ಸೀರಿಯಲ್ ಸುಳ್ಳು ಹೇಳಿತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. 1990ರಿಂದ 1999ರವರೆಗೆ ಪ್ರತಿವರ್ಷವೂ ಆ ಊರಿನಲ್ಲಿ 300ಕ್ಕಿಂತ ಹೆಚ್ಚು ಕೊಲೆಯಾಗಿದ್ದವು. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಎಂಬ 25 ವರ್ಷದ ಕಪ್ಪು ಯುವಕ ಪೊಲೀಸರ ವಶದಲ್ಲಿದ್ದಾಗ ಪೆಟ್ಟುಬಿದ್ದು ಸತ್ತಾಗ ಊರು ಹೊತ್ತಿ ಉರಿಯಿತು. 2017ರಲ್ಲಿ ಬಂದೂಕು ಪತ್ತೆಗೆಂದೇ ನೇಮಿಸಿದ್ದ ಪೊಲೀಸ್ ತಂಡವೇ ಜನರನ್ನು ದೋಚುತ್ತಿತ್ತು ಎಂದು ಕೇಂದ್ರದವರು ಬಂಧಿಸಿದರು. ಅದರ ಮೇಲೂ ಸೈಮನ್ 2022ರಲ್ಲಿ ಇನ್ನೊಂದು ಚಿಕ್ಕ ಧಾರಾವಾಹಿ ಮಾಡಿದರು. ಪೊಲೀಸ್ ಮುಖ್ಯಸ್ಥರು ಮಸಿ ಎಂದದ್ದರಲ್ಲಿ ಒಂದಿಷ್ಟು ಮಸಿ ಅವರ ಮನೆಯ ಒಲೆಯದೇ ಆಗಿತ್ತು.

ಈಗ ನಮ್ಮ ಸೋದರಿಗೆ ಹೇಳಬೇಕಾದ್ದು. 2015ರಿಂದ 2022ರವರೆಗೂ ವರ್ಷಕ್ಕೆ 300 ದಾಟುತ್ತಿದ್ದ ಕೊಲೆಗಳ ಸಂಖ್ಯೆ 2024ರಲ್ಲಿ 201ಕ್ಕೆ ಬಂತು. 2025ರಲ್ಲಿ 150ಕ್ಕೂ ಕೆಳಗಿಳಿಯಿತು. ದೇಶದ ಬೇರೆ ನಗರಗಳಲ್ಲೂ ಇಳಿದಿದೆ, ಹಾಗಾಗಿ ಎಲ್ಲ ಕೀರ್ತಿ ಒಬ್ಬರಿಗೇ ಸಲ್ಲದು. ಆದರೂ ಆ ಊರಿನವರು ಒಂದು ಕೆಲಸ ಮಾಡಿದರು. ಬಂದೂಕಿನ ಸುಳಿಗೆ ಸಿಕ್ಕಿರುವವರು ಯಾರು ಎಂದು ಗುರುತಿಸಿ, ಅವರ ಬಳಿಗೇ ಹೋಗಿ, ಕೆಲಸ ಬೇಕೆ, ಮನೆ ಬೇಕೆ, ಚಟ ಬಿಡಲು ಚಿಕಿತ್ಸೆ ಬೇಕೆ, ಕೊಡುತ್ತೇವೆ. ಬೇಡವೆಂದು ಗುಂಡು ಹಾರಿಸಿದರೆ ಹಿಡಿಯುತ್ತೇವೆ ಎಂದು ಹೇಳುವ ಯೋಜನೆ. 2022ರಲ್ಲಿ ಅದು ಶುರುವಾದದ್ದು ನಗರದ ಪಶ್ಚಿಮ ವಿಭಾಗದಲ್ಲಿ. ವಾಲೇಸ್, ಮೈಕೆಲ್‌ರ ಕಥೆ ನಡೆಯುವುದೂ ಊರಿನ ಆ ಭಾಗದಲ್ಲೇ.

ಮಗಳನ್ನು ಕಳಿಸಿ. ಕಣ್ಣುಮುಚ್ಚಿ ಕಳಿಸಿ ಎನ್ನುವುದಿಲ್ಲ. ಅಲ್ಲಿ ಅಪಾಯ ಬೀದಿಯಿಂದ ಬೀದಿಗೆ ಬೇರೆ. ಅಲ್ಲೇ ಓದುತ್ತಿರುವ ನಮ್ಮ ಮಕ್ಕಳನ್ನು ಮೊದಲೇ ವಿಚಾರಿಸಿ, ರೂಮು ಹಿಡಿಯುವ ಮೊದಲು ಬೀದಿಯ ಹೆಸರು ಹೇಳಿ ಕೇಳಲಿ. ಬಾಡಿಗೆ ಕಡಿಮೆ ಎಂದು ಆತುರಪಡುವುದು ಬೇಡ. ರಾತ್ರಿ ಹೊತ್ತು ವಿಶ್ವವಿದ್ಯಾಲಯದ ಬಸ್ಸಿನಲ್ಲೇ ಬರಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಬ್ಬಳೇ ನಡೆಯುವುದು ಬೇಡ. ಇದೇ ಊರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಕಾಲೇಜು ದುಡ್ಡಿಲ್ಲದೆ ತೆರೆಯಲಾಗದೆ ಇದ್ದಾಗ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬಾಕೆ, ಜೊತೆಗೆ ಅವರ ಗೆಳತಿಯರು ಹಣ ಕೂಡಿಸಿಕೊಟ್ಟರು. ಒಂದು ಷರತ್ತು: ಗಂಡಸರಿಗೆ ಸಮನಾಗಿ ಹೆಂಗಸರನ್ನೂ ಸೇರಿಸಿಕೊಳ್ಳಬೇಕು. 1893ರಲ್ಲಿ ಕಾಲೇಜು ತೆರೆದ ದಿನದಿಂದಲೇ ಹೆಣ್ಣುಮಕ್ಕಳು ಅಲ್ಲಿ ಓದಿದರು. ಮಗಳು ಹೊರಡುವ ಮುನ್ನ ಅವಳಿಗೆ ಇದನ್ನೂ ಹೇಳಿ.

ಈ ಕಥೆಗಳ ಹಿಂದೆ ನಿಜವಾದ ಒಬ್ಬ ತಾಯಿ ಇದ್ದರು, ಫ್ರಾನ್ ಬಾಯ್ಡ್. ಸೈಮನ್, ಬರ್ನ್ಸ್ ಇಬ್ಬರೂ ಪಶ್ಚಿಮ ಬಾಲ್ಟಿಮೋರಿನ ಒಂದು ಮೂಲೆಯಲ್ಲಿ ವರ್ಷವಿಡೀ ಕೂತು 1997ರಲ್ಲಿ 'ದಿ ಕಾರ್ನರ್' ಎಂಬ ಪುಸ್ತಕ ತಂದರಲ್ಲ, ಅದು ಈಕೆಯ ಸಂಸಾರದ ಕಥೆ. ಚಟಕ್ಕೆ ಬಿದ್ದಿದ್ದ ಈಕೆ ಅದನ್ನು ಬಿಟ್ಟರು. ಬರ್ನ್ಸ್‌ಗೆ ಶರಣಾಗಿ ಜೈಲು ಸೇರಿದ್ದ ಡಾನಿ ಆಂಡ್ರೂಸ್ ಎಂಬಾತನ ಪರಿಚಯವಾಗಿ, ಫೋನಿನಲ್ಲೇ ಮಾತು ಬೆಳೆದು, ಆತ ಬಿಡುಗಡೆಯಾದ ಮೇಲೆ 2007ರಲ್ಲಿ ಇಬ್ಬರೂ ಮದುವೆಯಾದರು. ಸೀರಿಯಲ್ಲಿನ ಓಮರ್ ಎಂಬ ಪ್ರಸಿದ್ಧ ಪಾತ್ರಕ್ಕೆ ಈ ಡಾನಿಯ ಬದುಕೂ ಒಂದು ಮೂಲ. ಫ್ರಾನ್ ಮಗ ಡಿಯಾಂಡ್ರೆ ಅದೇ ಸೀರಿಯಲ್ಲಿನಲ್ಲಿ ಒಂದು ಸಣ್ಣ ಪಾತ್ರ ಮಾಡಿದ. ಅವನು ಮಾತ್ರ ಚಟದಿಂದ ಹೊರಬರಲಾರದೆ 2012ರಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಗೆ ಡಾನಿಯೂ ಹೋದರು. ಒಂದೇ ವರ್ಷದಲ್ಲಿ ಮಗ, ಗಂಡ.

ಸೀರಿಯಲ್ಲಿನಲ್ಲಿ ಬಬಲ್ಸ್ ಎಂಬ ಒಬ್ಬ ಚಟದವನಿದ್ದಾನೆ. ಬಡಕಲು, ನಗುಮುಖ, ಗುಜರಿ ಗಾಡಿ ತಳ್ಳುವವನು. ಐದು ಭಾಗದಲ್ಲೂ ಬಿದ್ದು ಎದ್ದು ಬಿದ್ದು, ಕೊನೆಗೆ ಚಟ ಬಿಟ್ಟು ತನ್ನ ಒಡಹುಟ್ಟಿದವಳ ಮನೆಯ ನೆಲಮಾಳಿಗೆಯಲ್ಲಿರುತ್ತಾನೆ. ಅವಳು ಸೇರಿಸಿಕೊಂಡಿದ್ದಾಳೆ, ಆದರೆ ಮೇಲಿನ ಮನೆಗೆ ಹತ್ತುವ ಬಾಗಿಲಿಗೆ ಒಳಗಿನಿಂದ ಬೀಗ. ಎಷ್ಟು ಸಲ ಮೋಸ ಹೋದವಳೋ, ಯಾವ ಬೆಳ್ಳಿ ಲೋಟ ಮಾಯವಾಗಿತ್ತೋ! ಅವಳನ್ನು ಕಟುಕಿ ಎನ್ನಲು ನನ್ನ ಬಾಯಿ ಬರುವುದಿಲ್ಲ, ಅವಳೂ ಮನೆ ಉಳಿಸಿಕೊಳ್ಳಬೇಕಲ್ಲ. ಕೊನೆಯ ಕಂತಿನಲ್ಲಿ ಆ ಬಾಗಿಲು ತೆರೆದಿರುತ್ತದೆ. ಅವನು ಮೆಟ್ಟಿಲು ಹತ್ತಿ ಬಂದು ಮನೆಯವರ ಜೊತೆ ಊಟಕ್ಕೆ ಕೂರುತ್ತಾನೆ. ಅಷ್ಟೇ. ಒಂದು ಮಾತೂ ಇಲ್ಲ. ಅಷ್ಟು ಹೊತ್ತಿಗೆ ಒಲೆಯ ಮೇಲೆ ಹಾಲು ಇಟ್ಟಿರಬೇಡಿ.